ಆದಿವಾಸಿ ಪಾಡಾಗಳಲ್ಲಿ (ಸಣ್ಣ ಹಳ್ಳಿಗಳಲ್ಲಿ) ಕುಡಿತ ಮತ್ತು ಆರೋಗ್ಯ: ಶಿಬಿರಕ್ಕೆ ಹೋಗುವ ಮುಂಬಯಿ, ಪುಣೆಯ ಕನ್ನಡಿಗರಿಗೊಂದು ಮಾರ್ಗದರ್ಶಿ

ಮಾಟುಂಗದಿಂದ ಡೊಂಬಿವಲಿಯವರೆಗೆ, ಪುಣೆಯಿಂದ ಪಿಂಪ್ರಿ, ಚಿಂಚ್ವಡದವರೆಗೆ ಇರುವ ನಮ್ಮ ಕನ್ನಡ ಸಂಘಗಳು, ಸಮಾಜದ ಸಂಸ್ಥೆಗಳು ಮತ್ತು ಅವುಗಳ ಯುವ ವಿಭಾಗಗಳು ಪಾಲಘರ್ ಜಿಲ್ಲೆಯ ಜವ್ಹಾರ್, ಮೋಖಾಡಾ, ವಿಕ್ರಮಗಡ, ಡಹಾಣೂ ಕಡೆಗೋ ಪುಣೆ ಜಿಲ್ಲೆಯ ಜುನ್ನರ್, ಆಂಬೇಗಾಂವ್ ಗುಡ್ಡಗಾಡಿಗೋ ಆರೋಗ್ಯ ಶಿಬಿರ ಒಯ್ಯುವುದು ಹೊಸದೇನಲ್ಲ. ಕಣ್ಣಿನ ತಪಾಸಣೆ, ರಕ್ತದೊತ್ತಡ, ಕಂಬಳಿ ವಿತರಣೆ ಎಲ್ಲ ಮುಗಿದ ಮೇಲೆ ಯಾರಾದರೊಬ್ಬರು ಮೈಕು ಹಿಡಿದು ಕುಡಿತದ ಕೇಡುಗಳ ಕುರಿತು ಭಾಷಣ ಮಾಡುವುದೂ ಕಾರ್ಯಕ್ರಮ ಪಟ್ಟಿಯಲ್ಲಿ ಇದ್ದೇ ಇರುತ್ತದೆ. ಅಂಥ ಭಾಷಣದಿಂದ ಕುಡಿತ ಬಿಟ್ಟವರು ಬಹಳ ಕಡಿಮೆ. ಭಾಷಣದ ಆವೇಶಕ್ಕೆ ಸಿಕ್ಕಿ ಅಂದೇ ಬಿಟ್ಟವರಲ್ಲಿ ಕೆಲವರಿಗೆ ಅದರಿಂದ ಜೀವಕ್ಕೇ ಅಪಾಯ ಬರಬಹುದು. ಕುಡಿತವನ್ನು ನಡತೆಯ ಪ್ರಶ್ನೆಯಾಗಿ ಎತ್ತುವ ಬದಲು ಕಾಯಿಲೆಯ ಪ್ರಶ್ನೆಯಾಗಿ, ಅಂದರೆ ವಿಚಾರಿಸಿ, ಪರೀಕ್ಷಿಸಿ, ಸರಿಯಾದ ಕಡೆಗೆ ಕಳುಹಿಸಿ, ಮತ್ತೆ ಬಂದು ನೋಡಬೇಕಾದ ವಿಷಯವಾಗಿ ಕೈಗೆತ್ತಿಕೊಳ್ಳುವುದು ಹೇಗೆಂಬುದನ್ನು ಇಲ್ಲಿ ಹಂತ ಹಂತವಾಗಿ ಹೇಳಲಾಗಿದೆ.

ಹಂತ 1: ಹೊರಡುವ ಮೊದಲು ಅಲ್ಲಿಯ ಕುಡಿತದ ಚರಿತ್ರೆಯನ್ನು ತಿಳಿದುಕೊಳ್ಳಿ

2014ರಲ್ಲಿ ಠಾಣೆಯಿಂದ ಬೇರ್ಪಟ್ಟ ಪಾಲಘರ್ ಜಿಲ್ಲೆಯಲ್ಲಿ ವಾರ್ಲಿ, ಕೋಕಣಾ, ಮಲ್ಹಾರ್ ಕೋಳಿ, ಕಾತ್ಕರಿ, ಠಾಕೂರ್ ಮೊದಲಾದ ಸಮುದಾಯಗಳಿವೆ. ಜುನ್ನರ್ ಕಡೆ ಮಹಾದೇವ ಕೋಳಿ ಮತ್ತು ಠಾಕರ್ ಜನ ಹೆಚ್ಚು. ಎಲ್ಲರನ್ನೂ ‘ಆದಿವಾಸಿಗಳು ಕುಡಿಯುತ್ತಾರೆ’ ಎಂಬ ಒಂದೇ ಮಾತಿನಲ್ಲಿ ಕಟ್ಟಿಹಾಕುವುದು ಸರಿಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಪರಿಶಿಷ್ಟ ಪಂಗಡಗಳಲ್ಲಿ ಕುಡಿಯುವವರ ಪ್ರಮಾಣ ಬೇರೆ ಗುಂಪುಗಳಿಗಿಂತ ಹೆಚ್ಚೆಂದು ಕಂಡುಬಂದಿರುವುದು ನಿಜ. ಆದರೆ ಅದೇ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15 ವರ್ಷ ಮೇಲ್ಪಟ್ಟ ಗಂಡಸರಲ್ಲಿ ಕುಡಿಯುವವರು ಶೇ. 18.8 ಮಾತ್ರ. ಪಾಡಾದಲ್ಲಿಯೂ ಕುಡಿಯದ ಮನೆಗಳು ಬಹಳಷ್ಟಿರುತ್ತವೆ. ಪಂಢರಪುರದ ವಿಠ್ಠಲನ ಭಕ್ತರಾಗಿ ವಾರಕರಿ ಮಾಲೆ ಧರಿಸಿ ಮದ್ಯ ಮಾಂಸ ಎರಡನ್ನೂ ಬಿಟ್ಟ ಕುಟುಂಬಗಳೂ ಸಿಗುತ್ತವೆ.

ಅಲ್ಲಿ ಕುಡಿಯುವ ಪದಾರ್ಥಗಳು ಮುಖ್ಯವಾಗಿ ಮೂರು ಬಗೆಯವು. ತಾಳೆ ಮರದಿಂದಲೂ ಈಚಲು ಮರದಿಂದಲೂ ಇಳಿಸುವ ಹೆಂಡ ಮೊದಲನೆಯದು. ಬೇಸಗೆಯ ಆರಂಭದಲ್ಲಿ ಉದುರುವ ಹಿಪ್ಪೆ ಹೂವನ್ನು ಒಣಗಿಸಿ, ಕೊಳೆಸಿ, ಮನೆಯಲ್ಲೇ ಬಟ್ಟಿ ಇಳಿಸುವ ಸಾರಾಯಿ ಎರಡನೆಯದು. ಕಪ್ಪು ಬೆಲ್ಲ ಮತ್ತು ನವಸಾಗರ ಹಾಕಿ ವ್ಯಾಪಾರಕ್ಕಾಗಿಯೇ ತೆಗೆಯುವ ಕಳ್ಳಬಟ್ಟಿ ಹಾಗೂ ಅಂಗಡಿಯ ಸೀಲು ಬಾಟಲಿ ಮೂರನೆಯದು. ವಾರ್ಲಿಗಳ ಮದುವೆಯನ್ನು ಧವಳೇರಿ ಎಂಬ ಹಿರಿಯ ಹೆಂಗಸು ಹಾಡು ಹೇಳಿ ನಡೆಸುತ್ತಾಳೆ; ಅಂಥ ಮದುವೆಗಳಲ್ಲಿ, ಸಾವಿನ ಕರ್ಮಗಳಲ್ಲಿ, ದೇವರಿಗೆ ಎರೆಯುವಲ್ಲಿ ಹೆಂಡ ಮತ್ತು ಹಿಪ್ಪೆಯ ಸಾರಾಯಿಗೆ ಸ್ಥಾನವಿದೆ. ವರ್ಷದಲ್ಲಿ ಕೆಲವು ದಿನ ಕೂಟದಲ್ಲಿ ಹಂಚಿಕೊಂಡು ಕುಡಿಯುವುದಕ್ಕೂ, ದೀಪಾವಳಿಯ ಬಳಿಕ ಭಿವಂಡಿ, ವಸೈ ಕಡೆಯ ಇಟ್ಟಿಗೆ ಭಟ್ಟಿಗೆ ಮುಂಗಡ ಹಣದ ಮೇಲೆ ದುಡಿಯಲು ಹೋಗಿ ಅಲ್ಲಿ ದಿನವೂ ಸಂಜೆ ಪೊಟ್ಟಣದ ಸಾರಾಯಿ ಕುಡಿಯುವುದಕ್ಕೂ ಆರೋಗ್ಯದ ದೃಷ್ಟಿಯಿಂದ ಬಹಳ ಅಂತರವಿದೆ. ನಿಮ್ಮ ಗಮನ ಮುಖ್ಯವಾಗಿ ಈ ದಿನನಿತ್ಯದ ಕುಡಿತದ ಮೇಲಿರಲಿ.

ಹೊರಗಿನವರು ಮದ್ಯದ ಮಾತೆತ್ತಿದರೆ ಆ ಜನ ಏಕೆ ಬಾಯಿ ಮುಚ್ಚಿಕೊಳ್ಳುತ್ತಾರೆ ಎಂಬುದಕ್ಕೂ ಕಾರಣವಿದೆ. 1878ರ ಮುಂಬಯಿ ಅಬಕಾರಿ ಕಾಯ್ದೆ ಮನೆಯ ಬಟ್ಟಿಯನ್ನು ಅಪರಾಧವಾಗಿಸಿ ಗುತ್ತಿಗೆದಾರನ ಅಂಗಡಿಯನ್ನು ಬೆಳೆಸಿತು. 1892ರ ಹಿಪ್ಪೆ ಕಾಯ್ದೆ ಠಾಣೆ, ಕೊಲಾಬಾ (ಇಂದಿನ ರಾಯಗಡ) ಜಿಲ್ಲೆಗಳಲ್ಲಿ ಹೂವನ್ನು ಕೂಡಿಡುವುದಕ್ಕೇ ನಿರ್ಬಂಧ ಹೇರಿತು. ಹೀಗಾಗಿ ‘ದಾರು’ (ಮದ್ಯ) ಎಂದೊಡನೆ ಅವರ ನೆನಪಿಗೆ ಬರುವವರು ಪೊಲೀಸರು, ವೈದ್ಯರಲ್ಲ. ಇದಕ್ಕೆ ವ್ಯತಿರಿಕ್ತವಾಗಿ 1922ರಲ್ಲಿ ಪಾಲಘರ್ ಕರಾವಳಿಯ ಮೀನುಗಾರರಲ್ಲಿ ಹುಟ್ಟಿ ದಕ್ಷಿಣ ಗುಜರಾತಿನವರೆಗೆ ಹಬ್ಬಿದ ದೇವಿ ಚಳವಳಿಯಲ್ಲಿ, ದೇವಿಯ ಅಪ್ಪಣೆಯೆಂದು ಸಾವಿರಾರು ಆದಿವಾಸಿಗಳು ತಾವಾಗಿಯೇ ಹೆಂಡ ಸಾರಾಯಿ ಬಿಟ್ಟರು, ಮದ್ಯದಂಗಡಿಯವರು ಕಂಗಾಲಾದರು. ಬಿಡಬೇಕೆಂಬ ಮಾತು ಅವರೊಳಗಿನಿಂದ ಬಂದಾಗ ಏನಾಗಬಹುದೆಂಬುದಕ್ಕೆ ನೂರು ವರ್ಷದ ಹಿಂದಿನ ಈ ಉದಾಹರಣೆ ಸಾಕು.

ಇನ್ನೊಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಮುಂಬಯಿಯಲ್ಲಿ ಪರ್ಮಿಟ್ ರೂಮು, ಬಾರು ನಡೆಸಿ ಬದುಕು ಕಟ್ಟಿಕೊಂಡವರು ನಮ್ಮಲ್ಲಿ ಅನೇಕರಿದ್ದಾರೆ; ಶಿಬಿರದ ಖರ್ಚಿನಲ್ಲಿ ಅವರ ದೇಣಿಗೆಯೂ ಸೇರಿರುತ್ತದೆ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಆದರೆ ಬೆಳಗ್ಗೆ ಪಾಡಾದಲ್ಲಿ ಉಪದೇಶ ಮಾಡಿ ಸಂಜೆ ದಾರಿಯ ರೆಸಾರ್ಟಿನಲ್ಲಿ ಬಾಟಲಿ ತೆರೆಯುವ ತಂಡಕ್ಕೆ ಈ ಕೆಲಸ ಒಪ್ಪುವುದಿಲ್ಲ. ಶಿಬಿರದ ದಿನಗಳಲ್ಲಿ ತಂಡದವರು ಯಾರೂ ಕುಡಿಯಬಾರದೆಂದು ಹೊರಡುವ ಮೊದಲೇ ನಿಶ್ಚಯಿಸಿಕೊಳ್ಳಿ.

ಹಂತ 2: ಊರಿನ ಜನರನ್ನು ಜೊತೆಗೆ ಸೇರಿಸಿಕೊಳ್ಳಿ

ಆ ಪಾಡಾದ ಆಶಾ ಕಾರ್ಯಕರ್ತೆ, ಅಂಗನವಾಡಿ ಸೇವಿಕೆ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಮುಂಚಿತವಾಗಿ ತಿಳಿಸದೆ ಹೋಗಬೇಡಿ. ನಮ್ಮ ಮರಾಠಿ ಅವರ ವಾರ್ಲಿ ಅಥವಾ ಕಾತ್ಕರಿ ಮಾತಿಗೆ ಎಲ್ಲ ಕಡೆ ಹೊಂದುವುದಿಲ್ಲವಾದ್ದರಿಂದ ಪ್ರಶ್ನೆಗಳನ್ನು ಆಶಾ ತಾಯಿಯವರ ಬಾಯಲ್ಲಿ ಕೇಳಿಸುವುದೇ ಮೇಲು. ಪೂಜೆ ಮಾಡಿ ಕಾಯಿಲೆ ಬಿಡಿಸುವ ಊರಿನ ಭಗತನನ್ನೂ ಹೋಗಿ ಮಾತನಾಡಿಸಿ. ಮೂರ್ಛೆ ಬಂದವರನ್ನು ಮೊದಲು ಕರೆದೊಯ್ಯುವುದು ಅವನ ಬಳಿಗೇ.

ಹಂತ 3: ಪ್ರಶ್ನೆ ಕೇಳುವ ಕ್ರಮ

ಒಬ್ಬೊಬ್ಬರನ್ನೇ, ಮನೆಯವರಿಂದ ದೂರ ಕೂರಿಸಿ ಕೇಳಬೇಕು. ರಕ್ತದೊತ್ತಡ ನೋಡುವಾಗ ತಂಬಾಕು, ಊಟ, ನಿದ್ದೆ ಇವುಗಳ ಪ್ರಶ್ನೆಗಳ ನಡುವೆ ಇದನ್ನೂ ಸೇರಿಸಿದರೆ ಸಂಕೋಚ ಕಡಿಮೆಯಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ‘ಆಡಿಟ್’ ಎಂಬ ಹತ್ತು ಪ್ರಶ್ನೆಗಳ ಪಟ್ಟಿ ಇದಕ್ಕೆ ಸಾಕು. ಎಷ್ಟು ದಿನಕ್ಕೊಮ್ಮೆ ಕುಡಿಯುತ್ತೀರಿ, ಕುಡಿಯುವ ದಿನ ಎಷ್ಟು ಕುಡಿಯುತ್ತೀರಿ, ಆರಂಭಿಸಿದ ಮೇಲೆ ನಿಲ್ಲಿಸಲಾಗದ ದಿನಗಳಿವೆಯೇ, ಬೆಳಗ್ಗೆ ಎದ್ದೊಡನೆ ಬೇಕೆನಿಸುತ್ತದೆಯೇ, ಹಿಂದಿನ ರಾತ್ರಿ ನಡೆದದ್ದು ಮರೆತುಹೋಗುತ್ತದೆಯೇ, ಕುಡಿದು ಪೆಟ್ಟಾಗಿದೆಯೇ ಎಂಬಂಥ ಪ್ರಶ್ನೆಗಳು ಅದರಲ್ಲಿವೆ. ಒಟ್ಟು 40 ಅಂಕಗಳಲ್ಲಿ 8 ಅಥವಾ ಹೆಚ್ಚು ಬಂದರೆ ಎಚ್ಚರಿಸಬೇಕಾದ ಮಟ್ಟ. 20 ಅಥವಾ ಹೆಚ್ಚು ಬಂದರೆ ದೇಹ ಮದ್ಯಕ್ಕೆ ದಾಸನಾಗಿರುವ ಸಾಧ್ಯತೆ ಹೆಚ್ಚು, ಅವರನ್ನು ವೈದ್ಯರೇ ನೋಡಬೇಕು.

ಎಷ್ಟು ಕುಡಿಯುತ್ತೀರಿ ಎಂದರೆ ‘ಥೋಡಿಸಿ’ (ಸ್ವಲ್ಪ) ಎಂಬ ಉತ್ತರವೇ ಬರುವುದರಿಂದ ಅವರ ಮನೆಯ ಲೋಟ, ತಂಬಿಗೆ, ಬಾಟಲಿಗಳನ್ನೇ ಮುಂದಿಟ್ಟುಕೊಂಡು ಅಳೆಯಬೇಕು. ನಮ್ಮಲ್ಲಿ 10 ಗ್ರಾಂ ಆಲ್ಕೋಹಾಲನ್ನು ಒಂದು ಅಳತೆಯೆಂದು ಎಣಿಸುತ್ತಾರೆ. ಶೇ. 42.8ರ ವಿಸ್ಕಿ, ರಮ್ಮು ಮೊದಲಾದವುಗಳ 30 ಮಿಲಿ ಅಂದರೆ ಒಂದು ಅಳತೆ. 180 ಮಿಲಿಯ ಕ್ವಾರ್ಟರ್ ಬಾಟಲಿ ಅಂದರೆ ಆರು. ಹುಳಿಯಾದ ಹೆಂಡ ಹೆಚ್ಚುಕಡಿಮೆ ಬಿಯರಿನಷ್ಟು ಖಾರವೆಂದು ಹಿಡಿದರೆ ಒಂದು ದೊಡ್ಡ ಲೋಟಕ್ಕೆ ಒಂದು ಅಳತೆ ಲೆಕ್ಕ. ಮನೆಯ ಬಟ್ಟಿಯದು ಮಾತ್ರ ಯಾವ ಲೆಕ್ಕಕ್ಕೂ ಸಿಗದು, ಮೊದಲು ಇಳಿದದ್ದು ಒಂದು ಖಾರ, ಕೊನೆಯದು ಇನ್ನೊಂದು; ಅದನ್ನು ಹೆಚ್ಚಿನ ಖಾರದ್ದೆಂದೇ ಎಣಿಸಿಕೊಳ್ಳಿ.

ಹೆಂಗಸರನ್ನೂ ಕೇಳಬೇಕು. ನಗರದ ನಮ್ಮ ಸ್ವಯಂಸೇವಕರು ಇದನ್ನು ಮುಜುಗರದಿಂದ ಬಿಟ್ಟುಬಿಡುತ್ತಾರೆ. ಹಬ್ಬ ಮದುವೆಗಳಲ್ಲಿ ಹೆಂಗಸರೂ ಕುಡಿಯುವ ಪದ್ಧತಿ ಕೆಲವು ಸಮುದಾಯಗಳಲ್ಲಿದ್ದು, ಅದು ಅಲ್ಲಿ ಮರ್ಯಾದೆಗೇಡಿನ ಸಂಗತಿಯಲ್ಲ. ಬಸುರಿಯರಿಗೆ ಮಾತ್ರ ಸ್ಪಷ್ಟವಾಗಿ ಹೇಳಿ: ಹೊಟ್ಟೆಯಲ್ಲಿರುವ ಮಗುವಿನ ಮೆದುಳಿನ ಬೆಳವಣಿಗೆಗೆ ಮದ್ಯ ಕೇಡು ಮಾಡುತ್ತದೆ, ಇಷ್ಟು ಕುಡಿದರೆ ಪರವಾಗಿಲ್ಲ ಎಂಬ ಮಿತಿ ಯಾವುದೂ ಇಲ್ಲ, ಹೆಂಡಕ್ಕೂ ಅದೇ ಮಾತು. ಗಂಡನ ಹೊಡೆತದ ಗುರುತುಗಳಿದ್ದರೆ ಒಬ್ಬಳೇ ಇರುವಾಗ ವಿಚಾರಿಸಿ. 181 ಮಹಿಳಾ ಸಹಾಯವಾಣಿಯನ್ನು ಬಾಯಿಮಾತಿನಲ್ಲಿ ತಿಳಿಸಿ. ಚೀಟಿ ಬರೆದುಕೊಡಬೇಡಿ, ಅದು ಗಂಡನ ಕೈಗೆ ಸಿಕ್ಕೀತು.

ಹಂತ 4: ದೇಹ ಪರೀಕ್ಷೆಯಲ್ಲಿ ಗಮನಿಸಬೇಕಾದದ್ದು

ಕಣ್ಣಿನ ಹಳದಿ, ಉಬ್ಬಿದ ಹೊಟ್ಟೆ, ಕಾಲಿನ ಬಾವು, ರಕ್ತವಾಂತಿ, ಡಾಮರಿನಂತೆ ಕಪ್ಪಾದ ಮಲ ಇವು ಯಕೃತ್ತು ಕೆಟ್ಟಿರುವುದನ್ನು ತೋರಿಸಬಹುದು. ರಕ್ತವಾಂತಿ ಮತ್ತು ಕಪ್ಪು ಮಲ ಕಂಡರೆ ಅದೇ ದಿನ ಆಸ್ಪತ್ರೆಗೆ ಸೇರಿಸಬೇಕು. ಮೇಲ್ಹೊಟ್ಟೆಯಿಂದ ಬೆನ್ನಿಗೆ ಹಾಯುವ ತೀವ್ರ ನೋವು ಮೇದೋಜೀರಕ ಗ್ರಂಥಿಯ ಉರಿಯೂತವಿರಬಹುದು. ಅಂಗಾಲು ಉರಿಯುವುದು, ಜೋಮು ಹಿಡಿಯುವುದು ನರಗಳ ದೌರ್ಬಲ್ಯದ ಲಕ್ಷಣ. ಮದ್ಯವೂ ತಂಬಾಕೂ ಸೇರಿದರೆ ಬಾಯಿ ಮತ್ತು ಅನ್ನನಾಳದ ಕ್ಯಾನ್ಸರಿನ ಸಂಭವ ಒಂದೊಂದೇ ಇದ್ದಾಗಿನದಕ್ಕಿಂತ ಬಹಳ ಪಾಲು ಹೆಚ್ಚುತ್ತದೆಯಾದ್ದರಿಂದ, ಬಾಯಿ ತೆರೆಸಿ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆಗಳಿವೆಯೇ ಎಂದು ದೀಪ ಹಿಡಿದು ನೋಡಿ.

ಈ ಭಾಗದಲ್ಲಿ ಕುಡಿತ ಮಾಡುವ ಹೆಚ್ಚಿನ ಹಾನಿ ಬೇರೆ ಕಾಯಿಲೆಗಳ ಜೊತೆ ಸೇರಿ ನಡೆಯುತ್ತದೆ. ಅತಿಯಾಗಿ ಕುಡಿಯುವವರಿಗೆ ಕ್ಷಯ ತಗಲುವ ಸಂಭವ ಇತರರಿಗಿಂತ ಸುಮಾರು ಮೂರು ಪಟ್ಟು. ಮೇಲಾಗಿ ಕ್ಷಯದ ಮಾತ್ರೆಗಳಲ್ಲಿ ಮೂರು ಯಕೃತ್ತಿಗೆ ಭಾರವಾಗುವಂಥವು. ಕುಡಿಯುವವನು ಮಾತ್ರೆಗಳನ್ನು ನಡುವೆಯೇ ಬಿಡುವ ಸಂಭವ ಹೆಚ್ಚು, ಹಾಗಾದರೆ ಮನೆಯವರಿಗೂ ಅಂಟಬಹುದು. ಆದ್ದರಿಂದ ಎರಡು ವಾರ ದಾಟಿದ ಕೆಮ್ಮಿದ್ದವರ ಕಫ ಪರೀಕ್ಷೆ ಮಾಡಿಸಿ, ಮಾತ್ರೆ ತೆಗೆದುಕೊಳ್ಳುತ್ತಿರುವವರ ಕುಡಿತದ ವಿಷಯ ಆರೋಗ್ಯ ಕೇಂದ್ರಕ್ಕೆ ತಿಳಿದಿದೆಯೇ ಎಂದು ವಿಚಾರಿಸಿ. ಮಹಾರಾಷ್ಟ್ರದ ಆದಿವಾಸಿಗಳಲ್ಲಿ ಸಿಕಲ್ ಸೆಲ್ ರಕ್ತಹೀನತೆಯೂ ಇದೆ. ಮದ್ಯ ದೇಹದ ನೀರನ್ನು ಕಡಿಮೆ ಮಾಡುವುದರಿಂದ ಆ ಕಾಯಿಲೆಯಿದ್ದವರಿಗೆ ಮೈಕೈ ಮುರಿಯುವ ನೋವಿನ ಸರಣಿ ಮರುಕಳಿಸಬಹುದು. ಖಾಲಿ ಹೊಟ್ಟೆಯಲ್ಲಿ ಕುಡಿದು ಮಲಗಿದ ತೆಳ್ಳಗಿನ ಮನುಷ್ಯನ ರಕ್ತದ ಸಕ್ಕರೆ ರಾತ್ರಿಯಲ್ಲಿ ಪೂರ್ತಿ ಇಳಿದುಹೋಗಬಹುದು.

ಒಂದು ಎಚ್ಚರಿಕೆಯನ್ನು ಊರವರಿಗೂ ಕಲಿಸಿ ಬನ್ನಿ. ನೆಲದ ಮೇಲೆ ಮಲಗಿದವರನ್ನು ಕಟ್ಟು ಹಾವು ಕಚ್ಚಿದರೆ ಗಾಯ ಕಾಣುವುದೇ ಕಷ್ಟ. ರೆಪ್ಪೆ ಜೋಲುವುದು, ನಾಲಿಗೆ ತೊದಲುವುದು, ಕೈಕಾಲು ಸೋಲುವುದು ಇವೇ ಲಕ್ಷಣಗಳು. ನೋಡುವವರಿಗೆ ಅದು ಅಮಲಿನಂತೆಯೇ ಕಾಣುತ್ತದೆ. ತಲೆಗೆ ಪೆಟ್ಟು ಬಿದ್ದವನೂ ಹಾಗೆಯೇ. ‘ಕುಡಿದಿದ್ದಾನೆ, ಮಲಗಲಿ ಬಿಡಿ’ ಎಂದು ಬಿಟ್ಟವರು ಬೆಳಗ್ಗೆ ಏಳದಿರಬಹುದು. ಎಬ್ಬಿಸಿದರೂ ಏಳದವರನ್ನು ಪಕ್ಕಕ್ಕೆ ಮಗ್ಗುಲಾಗಿ ಮಲಗಿಸಿ 108ಕ್ಕೆ ಕರೆಮಾಡಬೇಕು.

ಶಿಬಿರದಲ್ಲಿ ಹಂಚುವ ಔಷಧಗಳ ಬಗೆಗೂ ಜಾಗ್ರತೆ ಬೇಕು. ಕುಡಿಯುವವರಿಗೆ ಪ್ಯಾರಾಸಿಟಮಾಲನ್ನು ಮುಷ್ಟಿಗಟ್ಟಲೆ ಕೊಡಬೇಡಿ, ಮೆಟ್ರೊನಿಡಜೋಲನ್ನು ವೈದ್ಯರು ಹೇಳದೆ ಕೊಡಲೇಬೇಡಿ.

ಹಂತ 5: ಥಟ್ಟನೆ ಬಿಡಿಸಬೇಡಿ

ಈ ಲೇಖನದಲ್ಲಿ ಒಂದನ್ನೇ ನೆನಪಿಡುವುದಾದರೆ ಈ ಹಂತವನ್ನು ನೆನಪಿಡಿ. ವರ್ಷಗಟ್ಟಲೆ ದಿನವೂ ಹೆಚ್ಚಾಗಿ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ, ಅಷ್ಟು ಕಾಲ ಮದ್ಯ ಅದುಮಿಟ್ಟಿದ್ದ ನರಮಂಡಲ ಒಮ್ಮೆಗೇ ಕೆರಳುತ್ತದೆ. ಆರೆಂಟು ಗಂಟೆಗಳಲ್ಲಿ ಕೈ ನಡುಕ, ಬೆವರು, ವಾಕರಿಕೆ, ಎದೆಬಡಿತ ಆರಂಭವಾಗುತ್ತವೆ. ಮೊದಲ ಎರಡು ದಿನಗಳೊಳಗೆ ಮೂರ್ಛೆ ಬರಬಹುದು. ಎರಡನೆಯ ದಿನದಿಂದ ನಾಲ್ಕನೆಯ ದಿನದ ನಡುವೆ ಕೆಲವರಿಗೆ ಜ್ವರ, ದಿಗ್ಭ್ರಮೆ, ಇಲ್ಲದ ಹುಳುಗಳೂ ಮನುಷ್ಯರೂ ಕಾಣುವ ಸನ್ನಿ ಹಿಡಿಯುತ್ತದೆ. ಚಿಕಿತ್ಸೆಯಿಲ್ಲದೆ ಹೋದರೆ ಇದು ಪ್ರಾಣ ತೆಗೆಯಬಹುದು. ನಮ್ಮಲ್ಲಿ ಅಯ್ಯಪ್ಪ ಮಾಲೆ ಹಾಕಿದ ಮೂರನೆಯ ದಿನ ಅಪರಾತ್ರಿ ಬಡಬಡಿಸತೊಡಗುವವರು ಇರುವಂತೆಯೇ ಅಲ್ಲಿ ವಾರಕರಿ ಮಾಲೆ ಹಾಕಿದವರೂ, ಆಣೆ ಮಾಡಿ ಬಿಟ್ಟವರೂ ಈ ಸನ್ನಿಗೆ ಸಿಕ್ಕುತ್ತಾರೆ. ಊರವರು ದೆವ್ವದ ಕಾಟವೆಂದು ಭಗತನ ಬಳಿ ಒಯ್ಯುತ್ತಾರೆ, ಇಲ್ಲವೇ ಇನ್ನಷ್ಟು ಕುಡಿಸುತ್ತಾರೆ. ಭಗತನೊಡನೆ ಮೊದಲೇ ಮಾತನಾಡಿರಬೇಕೆಂದು ಹೇಳಿದ್ದು ಇದಕ್ಕಾಗಿಯೇ: ಅವನ ಪೂಜೆ ಅವನು ಮಾಡಲಿ, ಜೊತೆಗೇ ಆ್ಯಂಬುಲೆನ್ಸೂ ಬರಲಿ ಎಂಬಷ್ಟಕ್ಕೆ ಅವನನ್ನು ಒಪ್ಪಿಸಿದರೆ ಸಾಕು.

ಹಾಗಾದರೆ ಯಾರು ತಾವಾಗಿಯೇ ಬಿಡಬಾರದು? ಬೆಳಗ್ಗೆ ಕುಡಿಯದೆ ಕೈ ನಿಲ್ಲದವರು, ಹಿಂದೆ ಬಿಟ್ಟಾಗ ಮೂರ್ಛೆ ಅಥವಾ ಸನ್ನಿ ಬಂದವರು, ಯಕೃತ್ತಿನ ಕಾಯಿಲೆಯವರು, ತೀರ ಸೊರಗಿದವರು, ದಿನವೂ ಹೆಚ್ಚಾಗಿ ಕುಡಿಯುವ ಬಸುರಿಯರು. ಇವರು ವೈದ್ಯರ ಮೇಲ್ವಿಚಾರಣೆಯಲ್ಲಿ, ಸಾಧ್ಯವಾದರೆ ಆಸ್ಪತ್ರೆಯಲ್ಲೇ ಬಿಡಬೇಕು. ಅಲ್ಲಿ ಕೆಲವು ದಿನ ಕ್ಲೋರ್‌ಡಯಜೆಪಾಕ್ಸೈಡ್ ಅಥವಾ ಲೊರಾಜೆಪಾಮ್‌ನಂಥ ಮಾತ್ರೆ ಕೊಟ್ಟು ಕ್ರಮೇಣ ಇಳಿಸುತ್ತಾರೆ, ಥಯಮಿನ್ (ಬಿ1 ಜೀವಸತ್ವ) ಚುಚ್ಚುಮದ್ದು ಕೊಡುತ್ತಾರೆ. ಜವ್ಹಾರ್‌ನಲ್ಲಿ ಪತಂಗಶಾಹ ಕುಟೀರ ರುಗ್ಣಾಲಯವಿದೆ. ಹೊರಡುವ ಮೊದಲೇ ಅಲ್ಲಿಯ ಅಥವಾ ಹತ್ತಿರದ ಗ್ರಾಮೀಣ ಆಸ್ಪತ್ರೆಯ ವೈದ್ಯರೊಡನೆ ಮಾತನಾಡಿ, ಅಂಥವರನ್ನು ಯಾವ ದಿನ ಕಳುಹಿಸಬಹುದೆಂದು ಕೇಳಿಟ್ಟುಕೊಳ್ಳಿ. ಹಾಸಿಗೆ ಸಿಗುವವರೆಗೆ ಆ ವ್ಯಕ್ತಿ ಪೂರ್ತಿ ನಿಲ್ಲಿಸದೆ ಇರುವುದೇ ಕ್ಷೇಮ. ಈ ಮಾತು ಭಾಷಣಕಾರರಿಗೆ ರುಚಿಸುವುದಿಲ್ಲವೆಂದು ಗೊತ್ತು.

ಎರಡು ತಪ್ಪುಗಳು ಪದೇಪದೇ ಆಗುತ್ತಿರುತ್ತವೆ. ನಿಶ್ಶಕ್ತಿಯೆಂದು ಬಂದ ಕುಡುಕನಿಗೆ ಜನರ ಒತ್ತಾಯಕ್ಕೆ ಗ್ಲೂಕೋಸ್ ಸಲಾಯಿನ್ ಏರಿಸುವುದು ಒಂದು. ಥಯಮಿನ್ ಕೊರತೆಯಿರುವ ದೇಹಕ್ಕೆ ಅದನ್ನು ಕೊಡದೆ ಗ್ಲೂಕೋಸ್ ಏರಿಸಿದರೆ ಮೆದುಳಿಗೆ ಪೆಟ್ಟು ಬಿದ್ದು ನಡಿಗೆ, ಕಣ್ಣಿನ ಚಲನೆ, ನೆನಪು ಕೆಡಬಹುದು. ಗೊತ್ತಾಗದಂತೆ ಅನ್ನ ಸಾರಿನಲ್ಲಿ ಬೆರೆಸಲು ಹೆಂಡತಿಯ ಕೈಗೆ ‘ಬಿಡಿಸುವ ಮಾತ್ರೆ’ ಕೊಡುವುದು ಇನ್ನೊಂದು. ಅಂಥ ಮಾತ್ರೆಯಾದ ಡೈಸಲ್ಫಿರಾಮ್ ಒಳಗಿರುವಾಗ ಕುಡಿದರೆ ರಕ್ತದೊತ್ತಡ ಕುಸಿದು, ವಾಂತಿಯಾಗಿ, ಹೃದಯ ನಿಲ್ಲುವವರೆಗೂ ಹೋಗಬಹುದು. ರೋಗಿಗೆ ತಿಳಿಯದೆ ಕೊಡುವುದು ಅಪಾಯವಷ್ಟೇ ಅಲ್ಲ, ಅನ್ಯಾಯವೂ ಹೌದು. ವೃತ್ತಪತ್ರಿಕೆಯ ಜಾಹೀರಾತಿನಲ್ಲಿ ಬರುವ ಹೆಸರಿಲ್ಲದ ಪುಡಿಗಳನ್ನಂತೂ ಮುಟ್ಟಬೇಡಿ.

ಹಂತ 6: ಉಳಿದವರೊಡನೆ ಹತ್ತು ನಿಮಿಷದ ಮಾತು

ಕುಡಿಯುವವರಲ್ಲಿ ಹೆಚ್ಚಿನವರು ಮೇಲೆ ಹೇಳಿದ ದಾಸ್ಯದ ಹಂತಕ್ಕೆ ಹೋಗಿರುವುದಿಲ್ಲ. ಅಂಥವರಿಗೆ ಸಣ್ಣ ಆಪ್ತ ಸಮಾಲೋಚನೆ ಕೆಲಸ ಮಾಡುತ್ತದೆ ಎಂಬುದಕ್ಕೆ ಪುರಾವೆ ನಮ್ಮ ಪಕ್ಕದ ಗೋವಾದಲ್ಲೇ ಇದೆ. ಅಲ್ಲಿಯ ಸಂಗಾತ್ ಸಂಸ್ಥೆಯವರು ವೈದ್ಯರಲ್ಲದ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟು, ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದ 377 ಗಂಡಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಸಾಮಾನ್ಯ ಚಿಕಿತ್ಸೆಯ ಜೊತೆ ಸಮಾಲೋಚನೆಯನ್ನೂ ಕೊಡಿಸಿದರು. 2017ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಮೂರು ತಿಂಗಳ ಬಳಿಕ ಸಮಾಲೋಚನೆ ಪಡೆದವರಲ್ಲಿ ಶೇ. 36 ಮಂದಿ ಹಾನಿಕರ ಕುಡಿತದಿಂದ ಹೊರಬಂದಿದ್ದರೆ, ಸಾಮಾನ್ಯ ಚಿಕಿತ್ಸೆ ಮಾತ್ರ ಸಿಕ್ಕವರಲ್ಲಿ ಶೇ. 26 ಮಂದಿ ಬಂದಿದ್ದರು. ಪವಾಡವೇನೂ ಅಲ್ಲ; ಆದರೆ ಮೈಕಿನ ಭಾಷಣಕ್ಕಿಂತ ಎಷ್ಟೋ ಮೇಲು.

ಮಾತಿನ ಕ್ರಮ ಹೀಗಿರಲಿ. ಪರೀಕ್ಷೆಯಲ್ಲಿ ಕಂಡದ್ದನ್ನು ಮೊದಲು ತಿಳಿಸಿ: ‘ದಾದಾ, ನಿಮ್ಮ ರಕ್ತದೊತ್ತಡ ಇಷ್ಟಿದೆ, ಹಸಿವಿಲ್ಲ ಎಂದಿರಿ, ಇವೆರಡಕ್ಕೂ ಕುಡಿತಕ್ಕೂ ಸಂಬಂಧವಿದೆ.’ ಬಳಿಕ ಕುಡಿತದಿಂದ ಅವರಿಗೆ ಸಿಗುವುದೇನು, ಹೋಗುವುದೇನು ಎಂದು ಅವರಿಂದಲೇ ಹೇಳಿಸಿ. ದಿನವಿಡೀ ಇಟ್ಟಿಗೆ ಹೊತ್ತವನಿಗೆ ಸಂಜೆ ಮೈನೋವು ಮರೆಯಲು ಅದು ಬೇಕಾಗಿರಬಹುದು. ಹಾಗಿದ್ದರೆ ಮೈನೋವಿನ ಮಾತನ್ನೂ ಆಡಬೇಕಾಗುತ್ತದೆ. ಕೊನೆಗೆ ಅವರೇ ಒಂದು ಗುರಿ ಇಟ್ಟುಕೊಳ್ಳಲಿ: ವಾರದಲ್ಲಿ ಇಷ್ಟು ದಿನ ಮುಟ್ಟುವುದಿಲ್ಲ, ಊಟ ಮಾಡದೆ ಕುಡಿಯುವುದಿಲ್ಲ, ಕೂಲಿಯ ದುಡ್ಡನ್ನು ಮನೆಗೆ ಕೊಟ್ಟ ಮೇಲೆಯೇ ಸಂತೆಗೆ ಹೋಗುತ್ತೇನೆ. ಯಾವ ಪ್ರಮಾಣದ ಮದ್ಯವೂ ಆರೋಗ್ಯಕ್ಕೆ ಸುರಕ್ಷಿತವಲ್ಲವೆಂದು 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ, ಅದನ್ನು ಮರೆಮಾಚಬೇಕಾಗಿಲ್ಲ. ಆದರೂ ಆರು ಲೋಟ ಎರಡಕ್ಕೆ ಇಳಿದರೆ ಅದನ್ನು ಸೋಲೆಂದು ಹೀಗಳೆಯಬೇಡಿ.

ಹಂತ 7: ವಿಷದ ಸಾರಾಯಿ

ಮುಂಬಯಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2015ರ ಜೂನ್‌ನಲ್ಲಿ ಮಾಲಾಡಿನ ಮಾಲ್ವಣಿಯಲ್ಲಿ ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡದ್ದು ಮಿಥೆನಾಲ್ ಬೆರೆತ ಸಾರಾಯಿ. ಮಿಥೆನಾಲ್ ದೇಹದಲ್ಲಿ ಫಾರ್ಮಿಕ್ ಆಮ್ಲವಾಗಿ ಕಣ್ಣಿನ ನರವನ್ನು ಸುಡುತ್ತದೆ. ಲಕ್ಷಣಗಳು ಕುಡಿದ ಕೂಡಲೇ ಕಾಣದೆ ಮರುದಿನ ಕಾಣಿಸಿಕೊಳ್ಳಬಹುದು: ದೃಷ್ಟಿ ಮಂಜಾಗುವುದು, ಹೊಟ್ಟೆನೋವು, ಏದುಸಿರು. ಒಟ್ಟಿಗೆ ಕುಡಿದ ಒಬ್ಬನಿಗೆ ಹೀಗಾದರೆ ಉಳಿದವರನ್ನೂ, ಆರೋಗ್ಯವಾಗಿರುವಂತೆ ಕಂಡರೂ, ಡಯಾಲಿಸಿಸ್ ಇರುವ ಆಸ್ಪತ್ರೆಗೆ ಸಾಗಿಸಬೇಕು. ಪೊಲೀಸರ ಭಯಕ್ಕೆ ಮುಚ್ಚಿಟ್ಟರೆ ಕಣ್ಣೂ ಹೋಗುತ್ತದೆ, ಪ್ರಾಣವೂ ಹೋಗುತ್ತದೆ.

ಹಂತ 8: ದಾರು ಬಂದ್ ಮಾಡಿಸಿ ಎಂದು ಕೇಳಿದರೆ

ಪಾಡಾದ ಹೆಂಗಸರು ಈ ಬೇಡಿಕೆಯನ್ನು ಖಂಡಿತ ಇಡುತ್ತಾರೆ. ನಿರ್ಧಾರ ಗ್ರಾಮಸಭೆಯದು, ನಿಮ್ಮದಲ್ಲ. ಅನುಸೂಚಿತ ಪ್ರದೇಶಗಳಲ್ಲಿ, ಅಂದರೆ ಸಂವಿಧಾನದ ಪ್ರಕಾರ ಘೋಷಿತವಾದ ಆದಿವಾಸಿ ಪ್ರದೇಶಗಳಲ್ಲಿ, ಮದ್ಯವನ್ನು ನಿಷೇಧಿಸುವ ಅಥವಾ ನಿಯಂತ್ರಿಸುವ ಅಧಿಕಾರ ಗ್ರಾಮಸಭೆ ಮತ್ತು ಪಂಚಾಯತಿಗೆ ಇರಬೇಕೆಂದು 1996ರ ಪೆಸಾ ಕಾಯ್ದೆ ಹೇಳುತ್ತದೆ. ಮಹಾರಾಷ್ಟ್ರ 2014ರಲ್ಲಿ ಅದರ ನಿಯಮಗಳನ್ನು ಮಾಡಿತು. ಪರವಾನಗಿಯ ಅಂಗಡಿಯನ್ನು ಮುಚ್ಚಿಸಲು ನಿಂತ ಬಾಟಲಿ (ಅಂಗಡಿ ಇರಲಿ), ಮಲಗಿದ ಬಾಟಲಿಯ (ಅಂಗಡಿ ಮುಚ್ಚಲಿ) ಚಿಹ್ನೆಗಳ ಮತದಾನ ರಾಜ್ಯದಲ್ಲಿ ಬಹಳ ವರ್ಷಗಳಿಂದ ಇದೆ. ಜಿಲ್ಲೆಯನ್ನೇ ಪಾನಮುಕ್ತವೆಂದು ಘೋಷಿಸಿದ ಉದಾಹರಣೆಗಳೂ ಇವೆ: ಗಡಚಿರೋಲಿಯಲ್ಲಿ 1993ರಿಂದ ನಿಷೇಧವಿದ್ದು, ಅಭಯ್ ಮತ್ತು ರಾಣಿ ಬಂಗ್ ವೈದ್ಯ ದಂಪತಿಯ ಒತ್ತಾಸೆಯಿಂದ ‘ಮುಕ್ತಿಪಥ’ ಎಂಬ ಕಾರ್ಯಕ್ರಮ ಹಳ್ಳಿಗಳ ಮಟ್ಟದಲ್ಲಿ ಅದಕ್ಕೆ ಬೆಂಬಲವಾಗಿ ನಡೆದಿದೆ, ಚಂದ್ರಪುರದಲ್ಲಿ 2015ರಲ್ಲಿ ತಂದ ನಿಷೇಧವನ್ನು 2021ರಲ್ಲಿ ತೆಗೆದುಹಾಕಲಾಯಿತು. ಕಾಗದದ ಮೇಲಿನ ಆಜ್ಞೆಗಿಂತ ಹಳ್ಳಿಯ ಹೆಂಗಸರ ಸಮಿತಿ ಗಟ್ಟಿಯಾಗಿರುವುದು ಮುಖ್ಯವೆಂಬುದು ನನ್ನ ಅಭಿಪ್ರಾಯ.

ಮನೆಯಲ್ಲಿ ಬಟ್ಟಿ ಇಳಿಸಿ ಮಾರುವವರಲ್ಲಿ ವಿಧವೆಯರೂ ಇರುತ್ತಾರೆ. ಅವರ ಮಡಕೆ ಒಡೆಸುವ ಉತ್ಸಾಹವನ್ನು ಶಿಬಿರದವರು ತೋರಬಾರದು. ಬಟ್ಟಿಯ ಫೋಟೋ ತೆಗೆಯಬೇಡಿ, ಯಾರು ಎಲ್ಲಿ ಮಾರುತ್ತಾರೆಂದು ನಿಮ್ಮ ವಹಿಯಲ್ಲಿ ಬರೆಯಬೇಡಿ.

ಹಂತ 9: ಮರಳಿ ಹೋಗುವ ದಿನವನ್ನು ಹೇಳಿಯೇ ಹೊರಡಿ

ಕುಡಿತದ ಕಾಯಿಲೆ ಮರುಕಳಿಸುವುದು ಸಹಜ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ಮತ್ತು ವ್ಯಸನಮುಕ್ತಿ ಸಹಾಯವಾಣಿ 14446 ಉಚಿತ ಸಂಖ್ಯೆಗಳು. ಪಾಡಾದಲ್ಲಿ ನೆಟ್‌ವರ್ಕ್ ಸಿಗುವ ಜಾಗದ ಗೋಡೆಯ ಮೇಲೆ ಮರಾಠಿಯಲ್ಲಿ ಬರೆಸಿ. ದೀರ್ಘ ಚಿಕಿತ್ಸೆ ಬೇಕಾದವರಿಗೆ ಪುಣೆಯಲ್ಲಿ 1986ರಿಂದ ನಡೆದುಬಂದಿರುವ ಮುಕ್ತಾಂಗಣ ವ್ಯಸನಮುಕ್ತಿ ಕೇಂದ್ರವಿದೆ, ಮುಂಬಯಿಯಲ್ಲಿ 1981ರಲ್ಲಿ ಆರಂಭವಾದ ಕೃಪಾ ಫೌಂಡೇಶನ್ ಇದೆ. ಕಳುಹಿಸುವುದಾದರೆ ಬಸ್ಸಿನ ಖರ್ಚು, ಜೊತೆಗಿರುವವರ ಊಟ, ಆ ದಿನಗಳ ಕೂಲಿಯ ನಷ್ಟ ಇವುಗಳನ್ನು ಸಂಘ ವಹಿಸಿಕೊಳ್ಳಬೇಕು. ಇಲ್ಲದಿದ್ದರೆ ಬರೆದುಕೊಟ್ಟ ಚೀಟಿ ಚೀಟಿಯಾಗಿಯೇ ಉಳಿಯುತ್ತದೆ.

ಮುಂದಿನ ಭೇಟಿಯನ್ನು ಗಂಡಸರು ಊರಲ್ಲಿರುವ ಕಾಲಕ್ಕೆ ಇಟ್ಟುಕೊಳ್ಳಿ. ದೀಪಾವಳಿಯ ಬಳಿಕ ಹೋದರೆ ಇಟ್ಟಿಗೆ ಭಟ್ಟಿಗೆ ಹೊರಟುಹೋದವರ ಮನೆಗಳಿಗೆ ಬೀಗವಿರುತ್ತದೆ, ಹೋಳಿಯ ವಾರದಲ್ಲಿ ಊರಿಡೀ ಹಬ್ಬದ ಗುಂಗಿನಲ್ಲಿರುತ್ತದೆ. ನಾಟಿ ಮುಗಿದು ಕೊಯ್ಲು ಇನ್ನೂ ದೂರವಿರುವ ಭಾದ್ರಪದದ ದಿನಗಳು ಅನುಕೂಲ. ಹೆಸರಿನ ಬದಲು ಕ್ರಮಸಂಖ್ಯೆ ಹಾಕಿ ತೂಕ, ರಕ್ತದೊತ್ತಡ, ಆಡಿಟ್ ಅಂಕಗಳನ್ನು ಬರೆದಿಟ್ಟ ವಹಿಯ ಒಂದು ಪ್ರತಿ ಸಂಘದ ಕಚೇರಿಯಲ್ಲಿರಲಿ. ಯಾವ ಸಂಖ್ಯೆ ಯಾರದೆಂಬ ಪಟ್ಟಿ ಮಾತ್ರ ಆಶಾ ತಾಯಿಯವರ ಬಳಿಯೇ ಇರಲಿ.